ದುಃಖಕ್ಕೆ ಮಾತು ಬೇಕೆ? ಒಂದು ಪ್ರಾಧ್ಯಾಪಕ ಪೀಠದ ಇತಿಹಾಸ

ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಗೋಪುರ, ಗಂಟೆ, ಬಲಿಪೀಠಗಳ ಬಗೆಗೂ, ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಪರಂಪರೆಯ ಬಗೆಗೂ ಬಲ್ಲವರು ಬರೆದಿದ್ದಾರೆ. ಚರಿತ್ರೆಗೆ ಸಂಬಂಧಿಸಿದ ಮತ್ತೊಂದು ಲೇಖನವನ್ನು ನನ್ನಿಂದ ಬಯಸಿದ ಸಂಪಾದಕ ಮಂಡಲಿಯವರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟರು. ನಾನು ಆರಿಸಿಕೊಂಡ ವಿಷಯ ದೂರದ ಲಂಡನ್ ನಗರದ್ದು. ಅಲ್ಲಿನ ಒಂದು ವೈದ್ಯಕೀಯ ವಿದ್ಯಾಲಯದಲ್ಲಿದ್ದ ಪ್ರಾಧ್ಯಾಪಕ ಪೀಠವೊಂದನ್ನೂ, ಅದನ್ನು ಇಪ್ಪತ್ತು ವರ್ಷ ಅಲಂಕರಿಸಿದ ಕಥೋಲಿಕ ವೈದ್ಯೆಯೊಬ್ಬರನ್ನೂ ಕುರಿತದ್ದು. ಇಷ್ಟು ದೂರದ ವಿಷಯ ನಮ್ಮ ಸಂಚಿಕೆಗೇಕೆ ಎಂದು ಕೇಳುವ ವಾಚಕರು ದಯಮಾಡಿ ಸ್ವಲ್ಪ ತಾಳ್ಮೆಯಿಂದ ಮುಂದೆ ಓದಬೇಕೆಂದು ಬೇಡುತ್ತೇನೆ.

ಮನೋವೈದ್ಯಶಾಸ್ತ್ರವೆಂದೊಡನೆ ಹುಚ್ಚಿನ ಮಾತೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಇದು ಬುದ್ಧಿಯ ಬೆಳವಣಿಗೆ ಹುಟ್ಟಿನಿಂದಲೋ ಎಳೆತನದಿಂದಲೋ ಕುಂಠಿತವಾಗಿ, ಎಣಿಕೆ, ಓದುಬರಹ, ಕೆಲವೊಮ್ಮೆ ಮಾತು ಕೂಡ ಒಲಿಯದೆ ಉಳಿದ ಮನುಷ್ಯರ ಚರಿತ್ರೆ. ಮನಸ್ಸಿನ ಕಾಯಿಲೆ ಯಾರಿಗಾದರೂ ಯಾವ ವಯಸ್ಸಿನಲ್ಲಾದರೂ ಬರಬಹುದು, ಚಿಕಿತ್ಸೆಯಿಂದ ವಾಸಿಯಾಗಲೂಬಹುದು. ಬುದ್ಧಿಮಾಂದ್ಯವಾದರೋ ಕಾಯಿಲೆಯಲ್ಲ, ಅದು ಆ ವ್ಯಕ್ತಿಯ ಜೊತೆಗೇ ಬೆಳೆದ ಸ್ಥಿತಿ. ನಮ್ಮ ಊರುಗಳಲ್ಲಿ ಇವೆರಡನ್ನೂ ಬೇರ್ಪಡಿಸದೆ ಮಾತನಾಡುವ ರೂಢಿ ಇಂದಿಗೂ ಇದೆ. ಊರಿನವರನ್ನು ಮಾತ್ರ ದೂರಿ ಫಲವಿಲ್ಲ. 1912ರ ಭಾರತೀಯ ಲೂನಸಿ ಕಾಯಿದೆ ಇಬ್ಬರನ್ನೂ ಒಂದೇ ಪದದೊಳಗೆ ಕಟ್ಟಿಹಾಕಿತ್ತು. 1987ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಷ್ಟೇ ಆ ಗಂಟು ಬಿಚ್ಚಿತು. ಈಗ ತಜ್ಞರು 'ಬೌದ್ಧಿಕ ಅಸಾಮರ್ಥ್ಯ' ಎಂಬ ಪದವನ್ನು ಬಳಸುತ್ತಾರೆ. ಎಲ್ಲರಿಗೂ ತಿಳಿಯಲೆಂದು ಹಳೆಯ ಪದವನ್ನೇ ನಾನು ಇಲ್ಲಿ ಉಳಿಸಿಕೊಂಡಿದ್ದೇನೆ. ಅದರಲ್ಲಿ ತಾತ್ಸಾರದ ಎಳೆಯೂ ಇಲ್ಲ.

ಬುದ್ಧಿಮಾಂದ್ಯವು ಕಾಯಿಲೆಯಲ್ಲ, ನಿಜ. ಆದರೆ ಬುದ್ಧಿಮಾಂದ್ಯವುಳ್ಳವನಿಗೂ ಮನಸ್ಸಿನ ಕಾಯಿಲೆ ಬರಬಹುದು. ಭಯ, ಕಳವಳ, ಶೋಕ ಇವು ಅವನನ್ನೂ ಹಿಡಿಯಬಹುದು. ಬಾಯಿಬಿಟ್ಟು ಹೇಳಲಾರದವನ ಶೋಕವನ್ನು ಗುರುತಿಸುವವರು ಯಾರು? ವೈದ್ಯಶಾಸ್ತ್ರವು ಈ ಪ್ರಶ್ನೆಯನ್ನು ಕೇಳಲು ಬಹಳ ಕಾಲ ಹಿಡಿಯಿತು. ಅದಕ್ಕೂ ಮೊದಲು ಅದು ಬೇರೆಯೇ ಪ್ರಶ್ನೆಗಳನ್ನು ಕೇಳುತ್ತಿತ್ತು, ಅವುಗಳಲ್ಲಿ ಕೆಲವು ಘೋರವಾದ ಪ್ರಶ್ನೆಗಳು.

ಇಂಗ್ಲೆಂಡಿನಲ್ಲಿ ಇಂಥವರಿಗಾಗಿ ದೊಡ್ಡ ಆಶ್ರಯಗಳು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ಏರ್ಪಟ್ಟವು. ಅವುಗಳಲ್ಲಿ ಒಂದಾದ ಅರ್ಲ್ಸ್‌ವುಡ್ ಆಶ್ರಯದ ವೈದ್ಯರಾಗಿದ್ದ ಜಾನ್ ಲ್ಯಾಂಗ್ಡನ್ ಡೌನ್ ಅವರು 1866ರಲ್ಲಿ ವರ್ಣಿಸಿದ ಲಕ್ಷಣ ಸಮೂಹಕ್ಕೆ ಇಂದಿಗೂ ಅವರ ಹೆಸರೇ ಉಳಿದಿದೆ. ಆ ಆಶ್ರಯಗಳ ಮೊದಲ ಉದ್ದೇಶ ಶಿಕ್ಷಣವಾಗಿತ್ತು. ಶತಮಾನ ಮುಗಿಯುವಷ್ಟರಲ್ಲಿ ಉದ್ದೇಶ ತಿರುಗಿಕೊಂಡಿತು. ಇವರನ್ನು ಸಮಾಜದ ಕ್ರೌರ್ಯದಿಂದ ಕಾಪಾಡಬೇಕೆಂಬ ಭಾವನೆ ಹೋಗಿ, ಸಮಾಜವನ್ನೇ ಇವರಿಂದ ಕಾಪಾಡಬೇಕೆಂಬ ಭಾವನೆ ಬಂದಿತು. 1913ರಲ್ಲಿ ಬ್ರಿಟಿಷ್ ಸಂಸತ್ತು ಅಂಗೀಕರಿಸಿದ ಮಾನಸಿಕ ನ್ಯೂನತೆಯ ಕಾಯಿದೆ ಇವರನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ಊರ ಹೊರಗಿನ 'ಕಾಲೊನಿ'ಗಳಲ್ಲಿ ಇರಿಸಲು ಅಧಿಕಾರ ಕೊಟ್ಟಿತು. ಬಡವರ ಪರಿಹಾರಧನವನ್ನು ಪಡೆಯುತ್ತಿದ್ದು ಮದುವೆಯಿಲ್ಲದೆ ತಾಯಿಯಾದ ಹೆಣ್ಣು ಮಂದಮತಿಯೆಂದು ವೈದ್ಯರು ಬರೆದುಕೊಟ್ಟರೆ, ಆಕೆಯನ್ನೂ ಅಲ್ಲಿಗೆ ಕಳುಹಿಸಬಹುದಿತ್ತು. ಹಾಗೆ ಹೋದವರಲ್ಲಿ ಹಲವರು ಮುಪ್ಪಿನವರೆಗೂ ಹೊರಗೆ ಬರಲಿಲ್ಲ. ಇದನ್ನು ಬಹಿರಂಗವಾಗಿ ಖಂಡಿಸಿದ ಕೆಲವೇ ಲೇಖಕರಲ್ಲಿ ಜಿ. ಕೆ. ಚೆಸ್ಟರ್ಟನ್ ಒಬ್ಬರು. ಅವರ ಖಂಡನಗ್ರಂಥ ಪ್ರಕಟವಾದದ್ದು 1922ರಲ್ಲಿ. ಅದೇ ವರ್ಷ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು.

ಈ ಕಾಯಿದೆಯ ಹಿಂದೆ ಒಂದು 'ಶಾಸ್ತ್ರ'ವಿತ್ತು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸರು 1883ರಲ್ಲಿ ಅದಕ್ಕೆ ನಾಮಕರಣ ಮಾಡಿದರು. ಕನ್ನಡದಲ್ಲಿ ಸುಪ್ರಜನನ ಶಾಸ್ತ್ರವೆನ್ನಬಹುದು. ಒಳ್ಳೆಯ ಬಿತ್ತನೆಯಿಂದ ಒಳ್ಳೆಯ ಬೆಳೆ ಎಂಬ ರೈತನ ಮಾತನ್ನು ಮನುಷ್ಯರಿಗೆ ಅನ್ವಯಿಸಿ, 'ಕೆಟ್ಟ ಬಿತ್ತನೆ'ಯೆಂದು ತಾವು ಬಗೆದವರಿಗೆ ಮಕ್ಕಳಾಗದಂತೆ ಮಾಡಬೇಕೆಂಬುದು ಅದರ ಸಾರ. ಅಮೆರಿಕದ ವರ್ಜೀನಿಯ ರಾಜ್ಯದ ಅಂಥ ಕಾಯಿದೆಯನ್ನು 1927ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಒಂಬತ್ತು ನ್ಯಾಯಾಧೀಶರಲ್ಲಿ ಭಿನ್ನಮತ ಸೂಚಿಸಿದವರು ಒಬ್ಬರೇ, ಕಥೋಲಿಕರಾದ ಪಿಯರ್ಸ್ ಬಟ್ಲರ್. 1930ರ ಡಿಸೆಂಬರ್ 31ರಂದು ಜಗದ್ಗುರು ಹನ್ನೊಂದನೆಯ ಭಕ್ತಿನಾಥರು ವಿವಾಹವನ್ನು ಕುರಿತ ತಮ್ಮ ವಿಶ್ವಪತ್ರದಲ್ಲಿ ಈ ಪದ್ಧತಿಯನ್ನು ನಿರಾಕರಿಸಿದರು. ನಿರಪರಾಧಿಯ ಅಂಗಾಂಗಗಳ ಮೇಲೆ ಸರ್ಕಾರಕ್ಕೆ ನೇರವಾದ ಅಧಿಕಾರವಿಲ್ಲವೆಂಬುದು ಅವರ ವಾದ. 1933ರ ಜುಲೈ ತಿಂಗಳಲ್ಲಿ ಜರ್ಮನಿಯ ನಾಜಿ ಸರ್ಕಾರ ಅದನ್ನೇ ಕಾಯಿದೆಯಾಗಿಸಿತು. ಸುಮಾರು ನಾಲ್ಕು ಲಕ್ಷ ಜನ ಅದಕ್ಕೆ ಗುರಿಯಾದರು. ಮುಂದೆ 1939ರಿಂದ 1941ರೊಳಗೆ ಎಪ್ಪತ್ತು ಸಾವಿರಕ್ಕೂ ಮಿಗಿಲಾದ ರೋಗಿಗಳನ್ನೂ ಬುದ್ಧಿಮಾಂದ್ಯರನ್ನೂ ಆಸ್ಪತ್ರೆಗಳಿಂದ ಸಾಗಿಸಿ ವಿಷಾನಿಲದಿಂದ ಕೊಂದರು. ಮ್ಯೂನ್‌ಸ್ಟರ್ ನಗರದ ಧರ್ಮಾಧ್ಯಕ್ಷ ಕ್ಲೆಮೆನ್ಸ್ ಫಾನ್ ಗಾಲೆನ್ ಅವರು 1941ರ ಆಗಸ್ಟ್ 3ರಂದು ಪ್ರವಚನ ಪೀಠದಿಂದ ಇದನ್ನು ಕೊಲೆಯೆಂದೇ ಕರೆದರು. ಅದೇ ತಿಂಗಳ 24ರಂದು ವಿಷಾನಿಲದ ವ್ಯವಸ್ಥೆಯನ್ನು ನಿಲ್ಲಿಸುವಂತೆ ಹಿಟ್ಲರನ ಆಜ್ಞೆಯಾಯಿತು. ಆದರೂ ಹಸಿವಿನಿಂದ, ಔಷಧಗಳಿಂದ ಕೊಲ್ಲುವುದು ಗುಟ್ಟಾಗಿ ಮುಂದುವರಿಯಿತೆಂಬುದನ್ನು ಮರೆಯಬಾರದು.

ಇಂಗ್ಲೆಂಡಿನಲ್ಲೂ 1934ರಲ್ಲಿ ಸರ್ಕಾರಿ ಸಮಿತಿಯೊಂದು ಒಪ್ಪಿಗೆಯ ಮೇಲೆ ಸಂತಾನಹರಣ ಚಿಕಿತ್ಸೆ ನಡೆಸಲು ಅನುಮತಿಸಬಹುದೆಂದು ಶಿಫಾರಸು ಮಾಡಿತು. ಅದು ಕಾಯಿದೆಯಾಗಲಿಲ್ಲ. ಆ ಹೊತ್ತಿಗೆ ಕಾಲ್ಚೆಸ್ಟರ್ ಎಂಬ ಊರಿನ ಅಂಥ ಒಂದು ದೊಡ್ಡ ಸಂಸ್ಥೆಯಲ್ಲಿ ಒಬ್ಬ ವೈದ್ಯರು ತಣ್ಣಗೆ ಕುಳಿತು ಲೆಕ್ಕ ಹಾಕುತ್ತಿದ್ದರು. ಅವರೇ ಲಯನಲ್ ಪೆನ್ರೋಸ್. 1898ರಲ್ಲಿ ಕ್ವೇಕರ್ ಕುಟುಂಬದಲ್ಲಿ ಜನಿಸಿದ ಅವರು ಮೊದಲನೆಯ ಮಹಾಯುದ್ಧದಲ್ಲಿ ಶಸ್ತ್ರ ಹಿಡಿಯದೆ, ಗಾಯಾಳುಗಳನ್ನು ಸಾಗಿಸುವ ರೈಲಿನಲ್ಲಿ ದುಡಿದರು. ಕೇಂಬ್ರಿಜ್‌ನಲ್ಲಿ ತರ್ಕಶಾಸ್ತ್ರವನ್ನೂ ವಿಯೆನ್ನಾದಲ್ಲಿ ಮನಶ್ಶಾಸ್ತ್ರವನ್ನೂ ಅಭ್ಯಸಿಸಿ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ವೈದ್ಯರಾದರು. 1931ರಿಂದ ಏಳು ವರ್ಷ ಅವರು ಕಾಲ್ಚೆಸ್ಟರಿನ 1,280 ನಿವಾಸಿಗಳನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದರು. ಅವರ ತಾಯಿತಂದೆಗಳನ್ನೂ ಒಡಹುಟ್ಟಿದವರನ್ನೂ ಕುರಿತು ಮಾಹಿತಿ ಕಲೆಹಾಕಿದರು. ವರದಿ 1938ರಲ್ಲಿ ಪ್ರಕಟವಾಯಿತು.

ಆ ವರದಿಯಿಂದ ತಿಳಿದುಬಂದ ಮುಖ್ಯ ಸಂಗತಿಯೆಂದರೆ, 'ಮಾನಸಿಕ ನ್ಯೂನತೆ' ಎಂಬ ಒಂದು ವಸ್ತುವೇ ಇಲ್ಲ. ಕಾರಣಗಳು ನೂರಾರು, ಒಂದೊಂದು ಮಗುವಿನ ಕಥೆ ಒಂದೊಂದು. ಸೌಮ್ಯ ಸ್ವರೂಪದವರಲ್ಲಿ ಬಹುಪಾಲು ಜನ ಉಳಿದ ನಮ್ಮೆಲ್ಲರ ಸಾಲಿನಲ್ಲಿಯೇ ಒಂದು ತುದಿಯಲ್ಲಿ ನಿಂತವರೇ ಹೊರತು ಬೇರೆ ಜಾತಿಯವರಲ್ಲ. ಡೌನ್ ಲಕ್ಷಣದ ಮಕ್ಕಳ ವಿಷಯದಲ್ಲಿ ಸಿಫಿಲಿಸ್, ಕ್ಷಯ, ವಂಶದ ಅವನತಿ ಎಂದೆಲ್ಲ ಮನೆತನಗಳಿಗೆ ಮಸಿ ಬಳಿಯುತ್ತಿದ್ದ ಕಾಲದಲ್ಲಿ, ತಾಯಿಯ ವಯಸ್ಸು ಏರಿದಷ್ಟೂ ಸಾಧ್ಯತೆ ಏರುವುದೆಂಬುದಷ್ಟೇ ನಿಜವೆಂದು 1933ರಲ್ಲಿ ಅವರು ತೋರಿಸಿದರು. (ಇದರ ಮೂಲ ಕಾರಣವಾದ ಹೆಚ್ಚುವರಿ ವರ್ಣತಂತುವನ್ನು 1959ರಲ್ಲಿ ಪ್ಯಾರಿಸಿನ ಜೆರೋಮ್ ಲೆಜೂನ್, ಮಾರ್ತ್ ಗೋತಿಯೆ, ರೆಮೋನ್ ತ್ಯುರ್ಪಾನ್ ಇವರು ಪ್ರಕಟಿಸಿದರು. ಲೆಜೂನ್ ಅವರನ್ನು 2021ರಲ್ಲಿ ಧರ್ಮಸಭೆ 'ಪೂಜ್ಯ'ರೆಂದು ಸಾರಿದೆ.)

ಪೆನ್ರೋಸ್ ಅವರ ಇನ್ನೊಂದು ಲೆಕ್ಕವನ್ನು ವಾಚಕರ ಮುಂದಿಡದೆ ಮುಂದೆ ಹೋಗಲಾರೆ. ನಾರ್ವೆಯ ಅಸ್ಬ್ಯೋರ್ನ್ ಫೋಲಿಂಗ್ ಅವರು 1934ರಲ್ಲಿ ಕಂಡುಹಿಡಿದ ಒಂದು ಆನುವಂಶಿಕ ದೋಷವಿದೆ. ಆಹಾರದ ಒಂದು ಅಂಶ ದೇಹದಲ್ಲಿ ಜೀರ್ಣವಾಗದೆ ಮಿದುಳನ್ನು ಕೆಡಿಸುತ್ತದೆ. ಫಿನೈಲ್‌ಕೀಟೋನ್ಯೂರಿಯ ಎಂದು ಅದಕ್ಕೆ ಹೆಸರಿಟ್ಟವರಲ್ಲಿ ಪೆನ್ರೋಸ್ ಒಬ್ಬರು. ಅದು ತೀರ ಅಪರೂಪ. ಆದರೆ ಅದರ ಬೀಜವನ್ನು ತನಗೆ ಯಾವ ತೊಂದರೆಯೂ ಇಲ್ಲದೆ ಹೊತ್ತು ನಡೆಯುವವರು ನೂರಕ್ಕೆ ಒಬ್ಬರಂತೆ ಇದ್ದಾರೆ. ಲಂಡನ್ ವಿಶ್ವವಿದ್ಯಾಲಯದ ಯೂನಿವರ್ಸಿಟಿ ಕಾಲೇಜಿನಲ್ಲಿ ಗಾಲ್ಟನ್ ಹೆಸರಿನಲ್ಲಿದ್ದ ಸುಪ್ರಜನನ ಪೀಠಕ್ಕೆ ಅವರು ಪ್ರಾಧ್ಯಾಪಕರಾದಾಗ, 1946ರ ಉದ್ಘಾಟನಾ ಉಪನ್ಯಾಸದಲ್ಲಿ ಇದನ್ನೇ ಎತ್ತಿಕೊಂಡರು. ಬೆರಳೆಣಿಕೆಯ ಮಕ್ಕಳು ಹುಟ್ಟದಂತೆ ತಡೆಯುವುದಕ್ಕಾಗಿ ದೇಶದ ನೂರರಲ್ಲಿ ಒಬ್ಬ ಆರೋಗ್ಯವಂತನಿಗೆ ಸಂತಾನಹರಣ ಮಾಡುತ್ತೀರೋ? ಇದು ಅವರ ವಾದದ ತಿರುಳು. 1930ರಲ್ಲಿ ಜಗದ್ಗುರುಗಳು ನ್ಯಾಯದ ಹೆಸರಿನಲ್ಲಿ ನಿರಾಕರಿಸಿದ್ದನ್ನು ಈ ಕ್ವೇಕರ್ ಗಣಿತದ ಹೆಸರಿನಲ್ಲಿ, ಅದೂ ಸುಪ್ರಜನನದ ಪೀಠದ ಮೇಲೆಯೇ ಕುಳಿತು ನಿರಾಕರಿಸಿದರು. 1963ರಲ್ಲಿ ಪೀಠದ ಹೆಸರನ್ನೂ 'ಮಾನವ ಅನುವಂಶಶಾಸ್ತ್ರ' ಎಂದು ಬದಲಿಸಿಯೇ ಬಿಟ್ಟರು. ಇತ್ತ ಬರ್ಮಿಂಗ್‌ಹ್ಯಾಮಿನ ವೈದ್ಯರು 1953ರ ವೇಳೆಗೆ ಆ ದೋಷವುಳ್ಳ ಒಂದು ಮಗುವಿಗೆ ಪಥ್ಯದ ಆಹಾರದಿಂದಲೇ ಗುಣ ಕಾಣಿಸಿದ್ದರು. ವಂಶದಿಂದ ಬಂದದ್ದಕ್ಕೆ ಮದ್ದಿಲ್ಲವೆಂಬ ಹಳೆಯ ಮಾತು ಅಲ್ಲಿಗೆ ಸುಳ್ಳಾಯಿತು.

ಪೆನ್ರೋಸ್ ಅವರಂಥ ವಿದ್ವಾಂಸರು ಬುದ್ಧಿಮಾಂದ್ಯರ ಮೇಲಿದ್ದ ಆರೋಪವನ್ನು ತೆಗೆದುಹಾಕಿದರು. ಆದರೆ ಅವರೂ ಕೇಳಿದ ಪ್ರಶ್ನೆ 'ಇವರು ಎಲ್ಲಿಂದ ಬಂದರು' ಎಂಬುದೇ. 'ಇವರಿಗೆ ಏನನ್ನಿಸುತ್ತಿದೆ' ಎಂಬುದನ್ನು ಕೇಳುವವರು ಇನ್ನೂ ಬರಬೇಕಾಗಿತ್ತು. ಆ ನಡುವೆ ಕಾಲೊನಿಗಳು 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಗೆ ಸೇರಿ 'ಆಸ್ಪತ್ರೆ'ಗಳೆನಿಸಿದವು. ಕಾಯಿಲೆಯಿಲ್ಲದ ಐವತ್ತು ಸಾವಿರಕ್ಕೂ ಹೆಚ್ಚು ಜನ ಆಸ್ಪತ್ರೆಗಳಲ್ಲಿ ಜೀವಮಾನ ಕಳೆದರು. 1958ರಲ್ಲಿ ಜ್ಯಾಕ್ ಟಿಜಾರ್ಡ್ ಎಂಬ ಮನಶ್ಶಾಸ್ತ್ರಜ್ಞರು ಲಂಡನ್ನಿನ ಅಂಥ ಆಸ್ಪತ್ರೆಯಿಂದ ಹದಿನಾರು ಮಕ್ಕಳನ್ನು ಬ್ರೂಕ್‌ಲ್ಯಾಂಡ್ಸ್ ಎಂಬ ಹಳ್ಳಿಗಾಡಿನ ಮನೆಗೆ ಕರೆತಂದು, ಸಣ್ಣ ಗುಂಪುಗಳಲ್ಲಿ, ಆಟಪಾಟಗಳೊಡನೆ ಸಾಕಿದರು. ಎರಡು ವರ್ಷಗಳಲ್ಲಿ ಅವರ ಮಾತು ಆಸ್ಪತ್ರೆಯಲ್ಲೇ ಉಳಿದ ಅದೇ ಬಗೆಯ ಮಕ್ಕಳಿಗಿಂತ ಬಹಳ ಮುಂದೆ ಹೋಗಿತ್ತು. 1967ರಲ್ಲಿ ಕಾರ್ಡಿಫ್ ನಗರದ ಈಲಿ ಆಸ್ಪತ್ರೆಯ ಒಬ್ಬ ಸಹಾಯಕ ನೌಕರ ಅಲ್ಲಿನ ಹಿಂಸೆಯನ್ನು ಪತ್ರಿಕೆಗೆ ತಿಳಿಸಿದ. 1969ರ ವಿಚಾರಣಾ ವರದಿ ಅದನ್ನು ದೃಢಪಡಿಸಿತು. 1971ರಲ್ಲಿ ಸರ್ಕಾರ ಆಸ್ಪತ್ರೆಗಳನ್ನು ಕ್ರಮೇಣ ಕಡಮೆ ಮಾಡುವ ನೀತಿಯನ್ನು ಘೋಷಿಸಿತು. 'ಶಿಕ್ಷಣಕ್ಕೆ ಅಯೋಗ್ಯ' ಎಂದು ಮಕ್ಕಳನ್ನು ಶಾಲೆಯಿಂದ ಹೊರಗಿಡುವ ಪದ್ಧತಿ ಕೊನೆಗೊಂಡದ್ದೂ ಅದೇ ವರ್ಷ.

ಈಗ ನಾವು ಆ ಪೀಠದ ಬಳಿಗೆ ಬಂದೆವು. ದಕ್ಷಿಣ ಲಂಡನ್ನಿನ ಟೂಟಿಂಗ್‌ನಲ್ಲಿರುವ ಸೇಂಟ್ ಜಾರ್ಜ್ಸ್ ವೈದ್ಯಕೀಯ ವಿದ್ಯಾಲಯದಲ್ಲಿ 1980ರ ದಶಕದ ಆರಂಭದಲ್ಲಿ ಬುದ್ಧಿಮಾಂದ್ಯರ ಮನೋವೈದ್ಯಶಾಸ್ತ್ರಕ್ಕೆಂದೇ ಮೀಸಲಾದ ಪ್ರಾಧ್ಯಾಪಕ ಪೀಠದಲ್ಲಿ ಜೋನ್ ಬಿಕ್ನೆಲ್ ಅವರು ಕುಳಿತರು. ಅವರ ಉದ್ಘಾಟನಾ ಉಪನ್ಯಾಸ 1983ರಲ್ಲಿ ಅಚ್ಚಾಯಿತು. ನ್ಯೂನತೆಯುಳ್ಳ ಮಗು ಹುಟ್ಟಿದ ಮನೆಯಲ್ಲಿ ನಡೆಯುವುದು ಒಂದು ಬಗೆಯ ಶೋಕಾಚರಣೆಯೆಂದೂ, ಆ ಶೋಕ ಮುಗಿಯದೆ ಉಳಿದರೆ ಮನೆಮಂದಿ ಮಗುವನ್ನು ಅತಿಯಾಗಿ ಮುಚ್ಚಿಕೊಳ್ಳುವುದೋ ದೂರ ತಳ್ಳುವುದೋ ಆಗುತ್ತದೆಂದೂ, ಆ ಮಗುವಿಗೂ ತನ್ನ ನ್ಯೂನತೆಯ ಅರಿವುಂಟೆಂದೂ ಅವರು ನಿರೂಪಿಸಿದರು. ಕೊನೆಯ ಮಾತನ್ನು ಗಮನಿಸಬೇಕು. ವೈದ್ಯಶಾಸ್ತ್ರ ಕೊನೆಗೂ ಆ ಮಗುವಿನ ಒಳಗಡೆ ಇಣುಕಿ ನೋಡಿತು.

ಬಿಕ್ನೆಲ್ ಅವರ ವಿಭಾಗದಲ್ಲಿಯೇ ಬೆಳೆದು, 1991ರಲ್ಲಿ ಪ್ರಾಧ್ಯಾಪಕಿಯಾಗಿ 2011ರವರೆಗೆ ಸೇವೆ ಸಲ್ಲಿಸಿದವರು ಶೀಲಾ ಹಾಲಿನ್ಸ್. 1946ರಲ್ಲಿ ಜನಿಸಿದ ಅವರು, ಪೆನ್ರೋಸ್ ಓದಿದ್ದ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿಯೇ 1970ರಲ್ಲಿ ವೈದ್ಯೆಯಾದರು. ನಾಲ್ವರು ಮಕ್ಕಳ ತಾಯಿ; ಅವರಲ್ಲೊಬ್ಬ ಮಗನಿಗೆ ಬುದ್ಧಿಮಾಂದ್ಯವಿದೆಯೆಂಬುದನ್ನು ಅವರು ಬಹಿರಂಗವಾಗಿಯೇ ಹೇಳಿದ್ದಾರೆ. ಪ್ರಾಧ್ಯಾಪಕಿಯಾಗುವ ಮೊದಲೇ, 1988ರಲ್ಲಿ, ಮಾರ್ಗರೆಟ್ ಗ್ರೈಮರ್ ಅವರೊಡನೆ ಒಂದು ಪುಸ್ತಕ ಬರೆದರು. ಅದು ವೈದ್ಯರಿಗಾಗಿ ಬರೆದದ್ದಲ್ಲ. ಗುರುಗಳಿಗೂ ಪಾಲನಾ ಸೇವಕರಿಗೂ ಬರೆದದ್ದು. ಬುದ್ಧಿಮಾಂದ್ಯರಿಂದ ನಾವು ಮೂರು ವಿಷಯಗಳನ್ನು ಗುಟ್ಟಾಗಿ ಇಡುತ್ತೇವೆಂದು ಅದರಲ್ಲಿ ತೋರಿಸಿದ್ದಾರೆ: ಅವರ ನ್ಯೂನತೆ, ಕಾಮ, ಮರಣ. ಈ ಮೂರರಲ್ಲಿ ಮರಣವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಬರೆಯಬೇಕೆನಿಸುತ್ತದೆ; ಏಕೆಂದರೆ ಗುರುವಾದವನು ಎಲ್ಲರಿಗಿಂತ ಹೆಚ್ಚು ಬಾರಿ ಕಾಣುವುದು ಅದನ್ನೇ.

ಸಾವಿನ ಮನೆಯಲ್ಲಿ ನಡೆಯುವುದನ್ನು ನೆನಪಿಸಿಕೊಳ್ಳಿ. ತಾಯಿ ತೀರಿಕೊಂಡಿದ್ದಾಳೆ. ಬಂಧುಗಳು ಬರುತ್ತಿದ್ದಾರೆ, ಜಪಸರ ನಡೆಯುತ್ತಿದೆ. ನಲವತ್ತು ವರ್ಷ ಆ ತಾಯಿಯ ಸೆರಗು ಹಿಡಿದೇ ಇದ್ದ ಮಗ ಎಲ್ಲಿ? ಬೆಳಿಗ್ಗೆಯೇ ಅವನನ್ನು ಚಿಕ್ಕಮ್ಮನ ಊರಿಗೆ ಕಳುಹಿಸಿಬಿಟ್ಟಿರುತ್ತಾರೆ. "ಅವನಿಗೇನು ತಿಳಿಯುತ್ತೆ ಸ್ವಾಮಿ, ಸುಮ್ಮನೆ ಗಲಾಟೆ ಮಾಡ್ತಾನೆ" ಎಂದು ಹಿರಿಯರು ಹೇಳುತ್ತಾರೆ. ಕಡು ಪ್ರೀತಿಯಿಂದಲೇ ಹೇಳುತ್ತಾರೆ. ಹಿಂದಿರುಗಿ ಬಂದವನಿಗೆ ಅಮ್ಮ ಇಲ್ಲ, ಅಮ್ಮನ ಮಂಚವಿಲ್ಲ, ಅಮ್ಮ ಎಲ್ಲಿ ಹೋದಳೆಂದು ಹೇಳುವವರೂ ಇಲ್ಲ. ಕೆಲವು ತಿಂಗಳ ಬಳಿಕ ಅವನು ಅನ್ನ ಬಿಡುತ್ತಾನೆ, ಪಾತ್ರೆ ಎಸೆಯುತ್ತಾನೆ, ರಾತ್ರಿ ಬಾಗಿಲ ಬಳಿ ಕೂರುತ್ತಾನೆ. ಹುಚ್ಚು ಹೆಚ್ಚಾಯಿತೆಂದು ಮಾತ್ರೆ ತರುತ್ತಾರೆ. ಇದು ನಮ್ಮ ಊರುಗಳ ಚಿತ್ರವೆಂದುಕೊಂಡರೆ ತಪ್ಪು; ಇಂಗ್ಲೆಂಡಿನಲ್ಲೂ ಹೀಗೆಯೇ ಇತ್ತು. ಸ್ವಲ್ಪ ಬೇರೆ ರೀತಿ ಮಾತ್ರ: ತಾಯಿ ತೀರಿದ ವಾರದಲ್ಲೇ ಮನೆಯೂ ಹೋಗಿ, ಪರಿಚಯವಿಲ್ಲದ ಆಶ್ರಯವೊಂದರಲ್ಲಿ ಹಾಸಿಗೆ ಸಿಗುತ್ತಿತ್ತು. ಮೊರೀನ್ ಆಸ್ವಿನ್ ಎಂಬ ಸಂಶೋಧಕಿ 1991ರ ತಮ್ಮ ಪುಸ್ತಕದಲ್ಲಿ ಇಂಥ ಶೋಕಗಳನ್ನು ದಾಖಲಿಸಿದ್ದಾರೆ. ಅಳಲು ನನಗೆ ಅನುಮತಿ ಇದೆಯೇ ಎಂಬ ಅರ್ಥ ಬರುವ ಶೀರ್ಷಿಕೆ ಅದಕ್ಕಿದೆ.

ಹಾಲಿನ್ಸ್ ಅವರು ಸಹೋದ್ಯೋಗಿಯೊಬ್ಬರೊಡನೆ ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ 1997ರಲ್ಲಿ ಬ್ರಿಟಿಷ್ ಮನೋವೈದ್ಯಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದರು. ತಾಯಿಯನ್ನೋ ತಂದೆಯನ್ನೋ ಕಳೆದುಕೊಂಡ ಐವತ್ತು ಮಂದಿ ಬುದ್ಧಿಮಾಂದ್ಯರನ್ನು, ಅಂಥ ನಷ್ಟವಾಗದ ಐವತ್ತು ಮಂದಿಯೊಡನೆ ಹೋಲಿಸಿದರು. ನಷ್ಟ ಹೊಂದಿದವರಲ್ಲಿ ಕಳವಳ, ಖಿನ್ನತೆ, ನಡವಳಿಕೆಯ ತೊಂದರೆಗಳು ಸ್ಪಷ್ಟವಾಗಿ ಹೆಚ್ಚಾಗಿದ್ದವು. ಅದಕ್ಕಿಂತಲೂ ಗಂಭೀರವಾದ ಸಂಗತಿಯೆಂದರೆ, ಅವರನ್ನು ನೋಡಿಕೊಳ್ಳುತ್ತಿದ್ದವರು ಆ ತೊಂದರೆಗಳಿಗೂ ಸಾವಿಗೂ ಸಂಬಂಧ ಕಲ್ಪಿಸಿರಲೇ ಇಲ್ಲ. ದುಃಖ ಕಣ್ಣೆದುರಿಗಿದ್ದರೂ ಅದಕ್ಕೆ ದುಃಖವೆಂಬ ಹೆಸರು ಸಿಕ್ಕಿರಲಿಲ್ಲ.

ಈ ಅಧ್ಯಯನಕ್ಕೂ ಮೊದಲೇ, 1989ರಲ್ಲಿ, ಹಾಲಿನ್ಸ್ ಅವರು ಲೆಸ್ಟರ್ ಸಿರೆಲಿಂಗ್ ಎಂಬ ಮನೋವೈದ್ಯರೊಡನೆ ಸೇರಿ, ಚಿತ್ರಕಾರ್ತಿ ಬೆತ್ ವೆಬ್ ಅವರ ಕೈಯಿಂದ ಎರಡು ಚಿಕ್ಕ ಪುಸ್ತಕಗಳನ್ನು ಹೊರತಂದಿದ್ದರು. ಒಂದು ಅಪ್ಪ ತೀರಿಕೊಂಡಾಗಿನದು, ಇನ್ನೊಂದು ಅಮ್ಮ ತೀರಿಕೊಂಡಾಗಿನದು. ಕಥೆಯ ಪುಟಗಳಲ್ಲಿ ಒಂದಕ್ಷರವೂ ಇಲ್ಲ. ಸಾವು, ಅಂತ್ಯಕ್ರಿಯೆ, ಅನಂತರದ ಬರಿದಾದ ದಿನಗಳು, ನಿಧಾನವಾಗಿ ಮರಳುವ ಬದುಕು ಇವೆಲ್ಲವೂ ಚಿತ್ರಗಳಲ್ಲಿಯೇ ಇವೆ. ಮನಸ್ಸಿನ ಸ್ಥಿತಿಗೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಓದಲು ಬಾರದ ತಮ್ಮ ಮಗ ಚಿತ್ರಗಳನ್ನು ಓದಬಲ್ಲವನಾಗಿದ್ದುದೇ ಈ ಪ್ರಯತ್ನಕ್ಕೆ ಪ್ರೇರಣೆಯೆಂದು ಅವರು ಹೇಳಿದ್ದಾರೆ. ಪುಸ್ತಕವನ್ನು ಆ ವ್ಯಕ್ತಿಯ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಬೇಕು. ಪುಟ ತಿರುಗಿಸುವವನು ಅವನೇ. ಯಾವ ಚಿತ್ರದ ಮೇಲೆ ಅವನ ಬೆರಳು ನಿಲ್ಲುತ್ತದೆ, ಯಾವುದನ್ನು ಬೇಗ ಮುಚ್ಚುತ್ತಾನೆ ಎಂಬುದನ್ನು ಬಲ್ಲವರು ನೋಡಬೇಕು. ಹೀಗೆ ಆರಂಭವಾದ ಮಾಲೆಯಲ್ಲಿ ವೈದ್ಯರ ಬಳಿಗೆ ಹೋಗುವುದು, ಆಸ್ಪತ್ರೆ, ಪೊಲೀಸು, ನ್ಯಾಯಾಲಯ ಮುಂತಾದ ಹತ್ತಾರು ವಿಷಯಗಳ ಪುಸ್ತಕಗಳು ಬಂದಿವೆ. ಅಕ್ಷರವಿಲ್ಲದ ಕಾರಣ ಚಿತ್ರಕಥೆಯನ್ನು ಕನ್ನಡಕ್ಕೆ ಅನುವಾದಿಸುವ ಪ್ರಮೇಯವೂ ಇಲ್ಲ!

ಇಲ್ಲಿ ನಮ್ಮ ಮನೆಯ ಮಾತೊಂದನ್ನು ಸೇರಿಸುತ್ತೇನೆ. ಶತಮಾನೋತ್ಸವದ ನಿಮಿತ್ತ ಹಳೆಯ ದಾಖಲೆ ಪುಸ್ತಕಗಳನ್ನು ತಿರುವಿ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೆಲವು ಹೆಸರುಗಳು ದೀಕ್ಷಾಸ್ನಾನದ ಪುಸ್ತಕದಲ್ಲಿವೆ, ಮರಣದ ಪುಸ್ತಕದಲ್ಲಿವೆ. ನಡುವೆ ಎಲ್ಲಿಯೂ ಇಲ್ಲ. ಪ್ರಥಮ ಪರಮಪ್ರಸಾದವಿಲ್ಲ, ದೃಢೀಕರಣವಿಲ್ಲ. ವಲಸೆ ಮುಂತಾಗಿ ಕಾರಣಗಳು ಹಲವಿರಬಹುದು. ಆದರೆ ಮನೆಯವರನ್ನು ವಿಚಾರಿಸಿದಾಗ, "ಅವರಿಗೆ ಬುದ್ಧಿ ಇರಲಿಲ್ಲ" ಎಂಬ ಉತ್ತರ ಒಂದಕ್ಕಿಂತ ಹೆಚ್ಚು ಬಾರಿ ಬಂದಿತು. 1983ರ ಧರ್ಮಸಭಾ ಕಾನೂನು ಸಂಹಿತೆಯ 777ನೆಯ ನಿಯಮ, ದೇಹದಲ್ಲಾಗಲಿ ಬುದ್ಧಿಯಲ್ಲಾಗಲಿ ನ್ಯೂನತೆಯುಳ್ಳವರಿಗೂ ಅವರ ಸ್ಥಿತಿ ಅನುಮತಿಸುವಷ್ಟು ಧರ್ಮೋಪದೇಶ ದೊರಕಿಸುವ ಹೊಣೆಯನ್ನು ಧರ್ಮಕೇಂದ್ರದ ಗುರುವಿನ ಮೇಲೆಯೇ ಹೊರಿಸಿದೆ. ಅದು ಉಪದೇಶಿಗಳ ಹೊಣೆಯೆಂದು ಗುರುಗಳೂ, ಗುರುಗಳ ಹೊಣೆಯೆಂದು ಮನೆಯವರೂ ಭಾವಿಸಿದ ಕಾಲವೊಂದಿತ್ತು.

ಹಾಲಿನ್ಸ್ ಅವರ ಉಳಿದ ಕಾರ್ಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅವರೂ ಸಂಗಡಿಗರೂ ಲಂಡನ್ನಿನ ಬುದ್ಧಿಮಾಂದ್ಯರ ಮರಣಗಳನ್ನು ಪರಿಶೀಲಿಸಿ 1998ರಲ್ಲಿ ಪ್ರಕಟಿಸಿದ ವರದಿಯಂತೆ, ಐವತ್ತು ವರ್ಷ ತುಂಬುವ ಮೊದಲೇ ಸಾಯುವ ಅಪಾಯ ಇವರಿಗೆ ಉಳಿದ ಜನರಿಗಿಂತ 58 ಪಟ್ಟು ಹೆಚ್ಚಾಗಿತ್ತು. ಮುಖ್ಯ ಕಾರಣ ಶ್ವಾಸಕೋಶದ ರೋಗಗಳು. ಹೊಟ್ಟೆನೋವೆಂದು ಹೇಳಲಾರದವನು ತಲೆಯನ್ನು ಗೋಡೆಗೆ ಬಡಿದುಕೊಂಡರೆ, 'ಬುದ್ಧಿಮಾಂದ್ಯರು ಹೀಗೆಯೇ' ಎಂದು ವೈದ್ಯರೇ ಕೈಬಿಡುತ್ತಿದ್ದರು. ಇದನ್ನು ತಿದ್ದಲು ಸೇಂಟ್ ಜಾರ್ಜ್ಸ್ ವಿದ್ಯಾಲಯದಲ್ಲಿ ಒಂದು ಹೊಸ ಕ್ರಮ ಬಂದಿತು: ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳಲು ಬುದ್ಧಿಮಾಂದ್ಯವುಳ್ಳವರನ್ನೇ ನೇಮಿಸಿಕೊಂಡರು. ರೋಗಿಯೊಡನೆ ಹೇಗೆ ಮಾತನಾಡಬೇಕೆಂಬುದನ್ನು ರೋಗಿಯೇ ಕಲಿಸುವ ಆ ತರಗತಿಯನ್ನು ಕಲ್ಪಿಸಿಕೊಂಡಾಗ, ಒಂದು ಕಾಲದ 'ಶಿಕ್ಷಣಕ್ಕೆ ಅಯೋಗ್ಯ' ಎಂಬ ಮುದ್ರೆ ನೆನಪಾಗದಿರದು. ಆದರೂ ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. 2013ರಲ್ಲಿ ಇಂಗ್ಲೆಂಡಿನ ವಿಚಾರಣೆಯೊಂದು ಈ ಜನರಲ್ಲಿ ಗಂಡಸರು ಉಳಿದವರಿಗಿಂತ ಸರಾಸರಿ 13 ವರ್ಷ, ಹೆಂಗಸರು 20 ವರ್ಷ ಮೊದಲೇ ಸಾಯುತ್ತಿದ್ದಾರೆಂದು ಕಂಡುಕೊಂಡಿತು.

ಮಾನಸನ್ಮಾನಗಳು ಅವರಿಗೆ ತಾವಾಗಿಯೇ ಬಂದವು. 2005ರಿಂದ 2008ರವರೆಗೆ ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜಿನ ಅಧ್ಯಕ್ಷತೆ, 2010ರಲ್ಲಿ ಪ್ರಭುಗಳ ಸಭೆಯ ಸದಸ್ಯತ್ವ, 2012ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘದ ಅಧ್ಯಕ್ಷತೆ. ಜಗದ್ಗುರು ಫ್ರಾನ್ಸಿಸರು 2014ರಲ್ಲಿ ಅಪ್ರಾಪ್ತ ವಯಸ್ಕರ ರಕ್ಷಣೆಗಾಗಿ ಆಯೋಗವನ್ನು ರಚಿಸಿದಾಗ ಆರಿಸಿಕೊಂಡ ಮೊದಲ ಸದಸ್ಯರಲ್ಲಿ ಇವರೂ ಒಬ್ಬರು; 2017ರವರೆಗೆ ಅಲ್ಲಿ ಸೇವೆ ಸಲ್ಲಿಸಿದರು. ಈ ಆಯ್ಕೆ ಆಕಸ್ಮಿಕವಲ್ಲ. ಲೈಂಗಿಕ ದೌರ್ಜನ್ಯಕ್ಕೆ ಗುರಿಯಾಗಿ ಹೇಳಿಕೊಳ್ಳಲಾರದವರಿಗಾಗಿ ಅವರ ಮಾಲೆಯಲ್ಲಿ 1992ರಲ್ಲಿಯೇ ಎರಡು ಚಿತ್ರಪುಸ್ತಕಗಳು ಬಂದಿದ್ದವು. ಧರ್ಮಸಭೆ ತನ್ನೊಳಗೇ ನಡೆದ ಅನ್ಯಾಯವನ್ನು ಕೇಳಿಸಿಕೊಳ್ಳಲು ಕಲಿಯಬೇಕಾಗಿದ್ದ ಹೊತ್ತಿನಲ್ಲಿ, ಮಾತಿಲ್ಲದವರನ್ನು ಆಲಿಸಲು ಜೀವಮಾನವಿಡೀ ಅಭ್ಯಾಸ ಮಾಡಿದವರನ್ನು ಕರೆಯಿತು.

ಹಳೆಯ ದೊಡ್ಡ ಆಸ್ಪತ್ರೆಗಳು ಮುಚ್ಚಿದ ಮೇಲೂ ಚಿಕ್ಕ ಆಸ್ಪತ್ರೆಗಳಲ್ಲಿ ಕೆಲವರನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಒಂಟಿ ಕೋಣೆಯಲ್ಲಿ ಕೂಡಿಡುವುದು ಇಂಗ್ಲೆಂಡಿನಲ್ಲಿ ನಿಂತಿರಲಿಲ್ಲ. ಬುದ್ಧಿಮಾಂದ್ಯವೋ ಆಟಿಸಮ್ ಎಂಬ ಸ್ಥಿತಿಯೋ ಇದ್ದವರು ಅವರು. ಸರ್ಕಾರ ಅದನ್ನು ಪರಿಶೀಲಿಸುವ ಹೊಣೆಯನ್ನು ನಿವೃತ್ತರಾಗಿದ್ದ ಹಾಲಿನ್ಸ್ ಅವರಿಗೆ ಒಪ್ಪಿಸಿತು. 2023ರ ನವೆಂಬರಿನಲ್ಲಿ, ತಮ್ಮ ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಅವರು ವರದಿಯನ್ನು ಸಲ್ಲಿಸಿದರು. 'ದೀರ್ಘಕಾಲದ ಪ್ರತ್ಯೇಕ ವಾಸ' ಎಂಬ ಕಚೇರಿಯ ಮಾತನ್ನು ಬದಿಗಿಟ್ಟು, ಅದನ್ನು ಏಕಾಂತ ಬಂಧನವೆಂದೇ ಅವರು ಕರೆದಿದ್ದಾರೆ. ನನ್ನ ಎದೆ ಬಿರಿಯುತ್ತಿದೆ ಎಂಬ ಅರ್ಥದ ಹೆಸರನ್ನು ಆ ಸರ್ಕಾರಿ ವರದಿಗೆ ಇಟ್ಟಿದ್ದಾರೆ.